ಆಟದ ನೋಟ, ಹಣದ ನಂಟು

ಬೆಂಗಳೂರಿನ ಉತ್ತರ ಭಾಗದಲ್ಲಿ, ಜಾಲಹಳ್ಳಿ ದಾಸರಹಳ್ಳಿಗಳಿಗೆ ಸಮೀಪದಲ್ಲಿರುವ ಶೆಟ್ಟಿಹಳ್ಳಿಯು ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿರುವ ಬಡಾವಣೆ. ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸ್ ಕೆಲಸಕ್ಕೂ ಹೋಗಿಬರುವ ಸಂಸಾರಗಳು, ಕಚೇರಿಗಳ ನೌಕರರು, ಪರ ಊರುಗಳಿಂದ ಬಂದು ಬಾಡಿಗೆಯ ಕೋಣೆಗಳಲ್ಲಿ ನೆಲಸಿದ ಯುವಕರು ಇಂಥ ಬಡಾವಣೆಗಳ ನಿವಾಸಿಗಳು. ರಾತ್ರಿ ಊಟವಾದ ಮೇಲೆ ಹುಡುಗರು ಮೊಬೈಲು ಹಿಡಿದು ಕುಳಿತರೆ, ಅವರು ಆಟದಲ್ಲಿ ಮುಳುಗಿರುವರೆಂದು ಮನೆಯ ಹಿರಿಯರು ಗೊಣಗುವುದುಂಟು. ಆದರೆ ಅನೇಕ ವೇಳೆ ಆ ಹುಡುಗರು ಆಡುತ್ತಿರುವುದೇ ಇಲ್ಲ; ಎಲ್ಲಿಯೋ ಕುಳಿತು ಮತ್ತೊಬ್ಬನು ಆಡುವುದನ್ನು ನೋಡುತ್ತಿರುವರು. ಈ ನೋಟವೇ ಈಗ ಒಂದು ದೊಡ್ಡ ಉದ್ಯಮವಾಗಿದೆ. ಅದರ ಹಿತಾಹಿತಗಳನ್ನು ವಿಚಾರ ಮಾಡುವುದು ಅವಶ್ಯವಾಗಿದೆ.

ತಾನು ಉಣ್ಣದೆ ಮತ್ತೊಬ್ಬನು ಉಣ್ಣುವುದನ್ನು ನೋಡಿದರೆ ಹೊಟ್ಟೆ ತುಂಬೀತೆ ಎಂದು ಹಿರಿಯರು ನಗುವರು. ಈ ನಗೆ ನ್ಯಾಯವಾದುದಲ್ಲ. ಹಾಗೆ ನಗುವವರೇ ಕ್ರಿಕೆಟ್ ಪಂದ್ಯವನ್ನು ಮೊದಲ ಚೆಂಡಿನಿಂದ ಕಡೆಯ ಚೆಂಡಿನವರೆಗೆ ಕಣ್ಣು ಮಿಟುಕಿಸದೆ ನೋಡಿದವರು. ದಸರೆಯ ಕುಸ್ತಿಗೆ ನೆರೆದ ಜನರೆಲ್ಲರೂ ಪೈಲ್ವಾನರಾಗಿರಲಿಲ್ಲ. ಬಯಲಾಟಕ್ಕೆ ಬೆಳಗಿನ ಜಾವದವರೆಗೆ ಕುಳಿತವರೆಲ್ಲರೂ ಗೆಜ್ಜೆ ಕಟ್ಟಿದವರಲ್ಲ. ಬಲ್ಲವನ ಆಟವನ್ನು ನೋಡಿ ಸಂತೋಷಪಡುವುದು ಮನುಷ್ಯನ ಸಹಜಗುಣ. ಅದು ಮೈದಾನದಲ್ಲಾದರೆ ಗೌರವ, ಮೊಬೈಲಿನಲ್ಲಾದರೆ ಅವಿವೇಕ ಎಂದು ಹೇಳುವುದಕ್ಕೆ ಆಧಾರವೇನೂ ಇಲ್ಲ.

ಹಿರಿಯರ ಆಕ್ಷೇಪಣೆಗಿಂತ ಗಂಭೀರವಾದುದು ಆಟಗಾರರ ಸ್ವಂತ ಸಂದೇಹ. ಈ ಆಟಗಳನ್ನು ಪ್ರೀತಿಯಿಂದ ಆಡುವ ಯುವಕರನ್ನು ಕೇಳಿದರೆ, ಅವರು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುವರು. ನೇರಪ್ರಸಾರವಿಲ್ಲದಿದ್ದರೆ ನಾವು ಆಟವನ್ನು ಇಷ್ಟು ಚೆನ್ನಾಗಿ ಕಲಿಯುತ್ತಿರಲಿಲ್ಲ, ಒಂಟಿಯಾದ ರಾತ್ರಿಗಳಲ್ಲಿ ನಮಗೆ ಜೊತೆಯೂ ಇರುತ್ತಿರಲಿಲ್ಲ ಎಂಬುದು ಮೊದಲನೆಯದು. ನೇರಪ್ರಸಾರ ಬಂದ ಮೇಲೆ ಆಟ ಆಟವಾಗಿ ಉಳಿದಿಲ್ಲ, ಎಲ್ಲವೂ ಪ್ರದರ್ಶನವಾಯಿತು, ಅಭಿಮಾನಿಗಳ ಗದ್ದಲದಲ್ಲಿ ಆಡುವ ಸುಖವೇ ಹೋಯಿತು ಎಂಬುದು ಎರಡನೆಯದು. ಎರಡೂ ನಿಜ. ಈ ಎರಡು ಮಾತುಗಳ ನಡುವೆ ಗೆರೆ ಎಳೆಯಬೇಕಾದ ಸ್ಥಳ ಯಾವುದು ಎಂಬುದೇ ಪ್ರಕೃತ ವಿಷಯ.

ಈ ಪದ್ಧತಿಯ ಪರಿಚಯವಿಲ್ಲದ ವಾಚಕರಿಗಾಗಿ ಕೆಲವು ಸಂಗತಿಗಳನ್ನು ತಿಳಿಸುವುದು ಯುಕ್ತ. ಆಟಗಾರನೊಬ್ಬನು ತನ್ನ ಕೋಣೆಯಲ್ಲಿ ಕುಳಿತು ಆಡುತ್ತಾನೆ. ಅವನ ಪರದೆ, ಮುಖ, ಮಾತು ಮೂರೂ ಅದೇ ಕ್ಷಣದಲ್ಲಿ ಸಾವಿರಾರು ಜನರ ಮೊಬೈಲುಗಳಿಗೆ ತಲುಪುತ್ತವೆ. ನೋಡುವವರು ಪಕ್ಕದ ಪಟ್ಟಿಯಲ್ಲಿ ಮಾತು ಬರೆಯುವರು. ಅವನು ಆಡುತ್ತಲೇ ಅವುಗಳಲ್ಲಿ ಕೆಲವಕ್ಕೆ ಉತ್ತರ ಕೊಡುವನು. ಅಮೆರಿಕದಲ್ಲಿ 2011ರಲ್ಲಿ ಇದಕ್ಕಾಗಿಯೇ ಟ್ವಿಚ್ ಎಂಬ ವೇದಿಕೆ ಆರಂಭವಾಯಿತು. 2014ರಲ್ಲಿ ಅಮೆಜಾನ್ ಕಂಪನಿಯು ಅದನ್ನು ಸುಮಾರು 97 ಕೋಟಿ ಡಾಲರಿಗೆ ಕೊಂಡಿತು. ನಮ್ಮ ದೇಶದಲ್ಲಿ ಯೂಟ್ಯೂಬಿನ ಜೊತೆಗೆ ಲೋಕೋ, ರೂಟರ್ ಎಂಬ ಸ್ವದೇಶಿ ವೇದಿಕೆಗಳೂ ಹುಟ್ಟಿಕೊಂಡವು. ಅಗ್ಗದ ಮೊಬೈಲು, ಅಗ್ಗದ ಡೇಟಾ, ಪಬ್ಜಿ ಎಂಬ ಹೆಸರಿನಿಂದ ಮನೆಮಾತಾದ ಕಾಳಗದ ಆಟ, ಇವು ಮೂರೂ ಸೇರಿ ಈ ಹವ್ಯಾಸವನ್ನು ತಾಲ್ಲೂಕು ಪಟ್ಟಣಗಳವರೆಗೂ ಒಯ್ದವು.

ಇದರಿಂದ ಆದ ಉಪಕಾರವನ್ನು ಮೊದಲು ಒಪ್ಪಿಕೊಳ್ಳೋಣ. ಬೆಲೆಬಾಳುವ ಕಂಪ್ಯೂಟರ್ ಕೊಳ್ಳಲಾರದ ಮನೆಯ ಹುಡುಗನು ದೊಡ್ಡ ಆಟಗಳನ್ನು ಕಂಡದ್ದು ಈ ಪ್ರಸಾರಗಳಿಂದಲೇ. ಕುಶಲರಾದ ಆಟಗಾರರು ಯಾವ ಸಂದರ್ಭದಲ್ಲಿ ಏಕೆ ಹಿಂದೆ ಸರಿದರು, ಏಕೆ ಮುನ್ನುಗ್ಗಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಕಲಿಯುವುದು ಗುರುಮುಖದ ಪಾಠಕ್ಕೆ ಸಮಾನವಾದುದು. ಕನ್ನಡದಲ್ಲಿಯೇ ಮಾತನಾಡುತ್ತ ಆಡುವವರ ಪ್ರಸಾರಗಳೂ ಇವೆ. ಇಂಗ್ಲಿಷು ಹಿಂದಿಗಳಲ್ಲಿ ಮಾತ್ರ ನಡೆಯುತ್ತಿದ್ದ ವ್ಯವಹಾರದಲ್ಲಿ ತನ್ನ ಊರಿನ ನುಡಿ ಕಿವಿಗೆ ಬಿದ್ದಾಗ ಹುಡುಗನಿಗಾಗುವ ಆತ್ಮವಿಶ್ವಾಸವನ್ನು ನಾವು ಅಲ್ಪವೆಂದು ಎಣಿಸಲಾರೆವು. ಊರು ಬಿಟ್ಟು ಬಂದು ಪಾಳಿಯ ಕೆಲಸ ಮಾಡುವವನಿಗೆ ರಾತ್ರಿ ಹನ್ನೊಂದು ಗಂಟೆಗೆ ಮಾತನಾಡಿಸುವವರು ಯಾರು? ಆ ಹೊತ್ತಿನಲ್ಲಿ ಪರಿಚಿತವಾದ ಒಂದು ದನಿ ಕೇಳಿಬರುವುದೂ ಒಂದು ಸಮಾಧಾನವೇ.

ನೋಡುವವರು ಕೂಡಿ ಆಟವನ್ನೇ ಬೆಳೆಸಿದ ಉದಾಹರಣೆಗಳೂ ಉಂಟು. 2014ರ ಫೆಬ್ರವರಿಯಲ್ಲಿ ಟ್ವಿಚ್ ವೇದಿಕೆಯಲ್ಲಿ ಪೋಕೆಮಾನ್ ಎಂಬ ಹಳೆಯ ಆಟವನ್ನು ಪ್ರೇಕ್ಷಕರೇ ಬರೆದ ಆಜ್ಞೆಗಳಿಂದ ಆಡಿಸಲಾಯಿತು. ಹತ್ತು ಲಕ್ಷಕ್ಕೂ ಮಿಕ್ಕ ಜನರು ಕೈಹಾಕಿ, ಗೊಂದಲದ ನಡುವೆಯೇ ಹದಿನಾರು ದಿನಗಳಲ್ಲಿ ಅದನ್ನು ಮುಗಿಸಿದರು. ಅಮಾಂಗ್ ಅಸ್ ಎಂಬ ಸಣ್ಣ ಆಟವು 2018ರಲ್ಲಿ ಹೊರಬಂದಾಗ ಅದನ್ನು ಕೇಳುವವರು ವಿರಳ; 2020ರಲ್ಲಿ ನೇರಪ್ರಸಾರ ಮಾಡುವವರು ಅದನ್ನು ಆಡತೊಡಗಿದ ಮೇಲೆ ಜಗತ್ತೇ ಅದನ್ನು ಆಡಿತು. ಬೆರಳೆಣಿಕೆಯ ಜನರ ಶ್ರಮಕ್ಕೆ ಇಂಥ ಮನ್ನಣೆ ಜಾಹೀರಾತಿನಿಂದ ದೊರೆಯುತ್ತಿರಲಿಲ್ಲ.

ಹಾಗಿದ್ದರೆ ಆಟಗಾರರ ದೂರೇನು? ಇದಕ್ಕೆ ನಮ್ಮ ಬೆಂಗಳೂರಿಗೆ ಸಂಬಂಧಿಸಿದ ಪ್ರಸಂಗವೊಂದು ಸ್ಪಷ್ಟವಾದ ಉತ್ತರ ಕೊಡುತ್ತದೆ. 2021ರ ಜೂನ್ 13ರಂದು, ಕೊರೋನಾ ಸಂಕಟದ ನಿಧಿಗಾಗಿ, ಬೆಂಗಳೂರಿನ ಅಕ್ಷಯಪಾತ್ರ ಸಂಸ್ಥೆಯ ಸಹಾಯಾರ್ಥವಾಗಿ ಚದುರಂಗದ ಪ್ರದರ್ಶನವೊಂದು ನಡೆಯಿತು. ಐದು ಸಲ ವಿಶ್ವಚಾಂಪಿಯನ್ ಆಗಿದ್ದ ವಿಶ್ವನಾಥನ್ ಆನಂದರು ಪ್ರಸಿದ್ಧ ವ್ಯಕ್ತಿಗಳೊಡನೆ ಆಡಿದರು. ಜನರು ಅದನ್ನು ನೇರಪ್ರಸಾರದಲ್ಲಿ ನೋಡಿದರು. ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತರು ಆನಂದರನ್ನು ಸೋಲಿಸಿದಾಗ ನೋಡುವವರಿಗೆ ಆಶ್ಚರ್ಯವಾಯಿತು. ಮರುದಿನ ಕಾಮತರು, ಆಟವನ್ನು ವಿಶ್ಲೇಷಿಸುವವರ ಮತ್ತು ಕಂಪ್ಯೂಟರಿನ ನೆರವು ತಮಗಿತ್ತೆಂದು ಬಹಿರಂಗವಾಗಿ ಒಪ್ಪಿ ಕ್ಷಮೆ ಕೋರಿದರು; ಅದನ್ನು ವಿನೋದದ ಕಾರ್ಯಕ್ರಮವೆಂದು ತಾವು ತಿಳಿದಿದ್ದುದಾಗಿ ಅವರ ಮಾತಿನ ಅಭಿಪ್ರಾಯ. ಆನಂದರಾದರೋ, ತಾವು ಮಣೆಯ ಮೇಲಿದ್ದ ಸ್ಥಿತಿಯನ್ನು ಆಡಿದುದಾಗಿಯೂ ಇತರರಿಂದಲೂ ಅದನ್ನೇ ನಿರೀಕ್ಷಿಸಿದುದಾಗಿಯೂ ತಿಳಿಸಿದರು.

ಕಾರ್ಯಕ್ರಮದ ಉದ್ದೇಶ ಉತ್ತಮ, ಸಂಗ್ರಹವಾದ ಹಣ ಸತ್ಕಾರ್ಯಕ್ಕೆ. ಯಾರನ್ನೂ ಹಳಿಯುವುದಕ್ಕಾಗಿ ನಾವು ಇದನ್ನು ನೆನೆಯುತ್ತಿಲ್ಲ. ಆದರೆ ಒಂದೇ ಮಣೆಯ ಎರಡು ಪಕ್ಕಗಳಲ್ಲಿ ಎರಡು ಬೇರೆ ಬೇರೆ ಭಾವನೆಗಳು ಕುಳಿತಿದ್ದವು: ಒಬ್ಬರಿಗೆ ಅದು ಆಟ, ಮತ್ತೊಬ್ಬರಿಗೆ ಅದು ಪ್ರದರ್ಶನ. ನೇರಪ್ರಸಾರದ ಸಂಸ್ಕೃತಿಯ ಮೇಲೆ ಸಾಮಾನ್ಯ ಆಟಗಾರನಿಗಿರುವ ಅಸಮಾಧಾನದ ಮೂಲ ಇಲ್ಲಿದೆ. ನೋಡುವವರ ಸಂಖ್ಯೆಯೇ ಮುಖ್ಯವಾದಾಗ ನಿಯಮಕ್ಕಿಂತ ರಂಜನೆಯು ಮೇಲಾಗುತ್ತದೆ. ಸೋತರೂ ಸರಿಯಾಗಿ ಆಡಿದೆನೆಂಬ ತೃಪ್ತಿಗೆ ಬೆಲೆ ಇಲ್ಲವಾಗುತ್ತದೆ. ಅರಚಾಟ, ಹುಸಿ ಕೋಪ, ಎದುರಾಳಿಯ ನಿಂದೆ, ಇವು ಆಡುವವನ ಕೌಶಲಕ್ಕಿಂತ ಹೆಚ್ಚು ಜನರನ್ನು ಸೆಳೆಯುವುದರಿಂದ, ಹೊಸದಾಗಿ ಬಂದವನೂ ಮೊದಲು ಅವನ್ನೇ ಕಲಿಯುತ್ತಾನೆ.

ಆಟವನ್ನು ಆಟಕ್ಕಾಗಿಯೇ ಗೌರವಿಸಿದ ಪರಂಪರೆ ನಮ್ಮಲ್ಲಿಲ್ಲದೆ ಇಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯ ನಡೆಯನ್ನು ಕುರಿತು ಸಮಸ್ಯೆಗಳನ್ನು ರಚಿಸಿದವರು. ಗಂಜೀಫಾ ಎಲೆಗಳ ಆಟಗಳನ್ನೂ ಮಣೆಯ ಆಟಗಳನ್ನೂ ಸ್ವತಃ ಕಲ್ಪಿಸಿ ನಿಯಮಬದ್ಧಗೊಳಿಸಿದವರು. ಅರಮನೆಯ ಮಾತು ಹಾಗಿರಲಿ, ಹಳ್ಳಿಯ ಗುಡಿಗಳ ಜಗಲಿಕಲ್ಲುಗಳ ಮೇಲೆ ಕೊರೆದ ಹುಲಿಕುರಿಯ ಮನೆಗಳು ಇಂದಿಗೂ ಕಾಣಸಿಗುತ್ತವೆ. ಅಲ್ಲಿ ಆಡುವವರ ಸುತ್ತಲೂ ನೋಡುವವರು ನಿಲ್ಲುತ್ತಿದ್ದರು, ಸಲಹೆ ಕೊಡುತ್ತಿದ್ದರು, ಹಾಸ್ಯ ಮಾಡುತ್ತಿದ್ದರು. ಆದರೆ ಈಗ ನೋಡುತ್ತಿದ್ದವನು ಮುಂದಿನ ಆಟಕ್ಕೆ ಕಾಯಿ ಹಿಡಿಯುತ್ತಿದ್ದನು. ನೋಡುವವನಿಗೂ ಆಡುವವನಿಗೂ ನಡುವೆ ಸ್ಥಳ ಬದಲಾಗುತ್ತಿತ್ತು. ಇಂದಿನ ಪ್ರಸಾರದಲ್ಲಿ ಆ ಸ್ಥಳ ಬದಲಾಗುವುದಿಲ್ಲ. ನೋಡುವವನು ಎಂದಿಗೂ ನೋಡುವವನೇ.

ಇಲ್ಲಿಂದಲೇ ಎರಡನೆಯ ಪ್ರಶ್ನೆ ಹುಟ್ಟುತ್ತದೆ. ಅದು ಅಭಿಮಾನದ ಪ್ರಶ್ನೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ವಿದ್ವಾಂಸರು 1956ರಲ್ಲಿ, ರೇಡಿಯೋ ಮತ್ತು ಟೆಲಿವಿಷನ್ನಿನ ಪ್ರೇಕ್ಷಕರನ್ನು ಕುರಿತು ಬರೆದ ಲೇಖನದಲ್ಲಿ, ಒಂದು ವಿಚಿತ್ರ ಸಂಬಂಧವನ್ನು ಗುರುತಿಸಿದರು. ಪ್ರತಿದಿನವೂ ಮನೆಗೆ ಬಂದು ನೇರವಾಗಿ ತನ್ನೊಡನೆ ಮಾತನಾಡುವಂತೆ ತೋರುವ ನಿರೂಪಕನನ್ನು ನೋಡುಗನು ಸ್ನೇಹಿತನೆಂದೇ ಭಾವಿಸುತ್ತಾನೆ. ನಿರೂಪಕನಿಗಾದರೋ ಅವನು ಇರುವುದೇ ಗೊತ್ತಿಲ್ಲ. ಈ ಏಕಮುಖವಾದ ನಂಟು ಹುಚ್ಚಲ್ಲ, ರೋಗವೂ ಅಲ್ಲ. ಒಂಟಿಯಾದವರಿಗೆ ಅದು ಆಸರೆಯೂ ಆಗಬಹುದು. ಬೇರೆ ನಂಟುಗಳ ಸ್ಥಾನವನ್ನು ಅದು ಆಕ್ರಮಿಸಿದಾಗ ಮಾತ್ರ ಅಪಾಯ ತಲೆದೋರುತ್ತದೆ.

ಅಭಿಮಾನವೆಂಬುದು ಕನ್ನಡಿಗರಿಗೆ ಹೊಸ ಪದವಲ್ಲ. ಡಾ. ರಾಜಕುಮಾರರು ತಮ್ಮ ಪ್ರೇಕ್ಷಕರನ್ನು ಅಭಿಮಾನಿ ದೇವರುಗಳೆಂದು ಕರೆದರು. 1982ರ ಗೋಕಾಕ ಚಳವಳಿಗೆ ಅವರು ಧುಮುಕಿದಾಗ ಆ ಅಭಿಮಾನವು ನಾಡನುಡಿಯ ಬಲವಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರರು ತೀರಿಕೊಂಡ ಮೇಲೆ ಅವರ ನೇತ್ರದಾನದಿಂದ ನಾಲ್ವರಿಗೆ ದೃಷ್ಟಿ ಬಂದಿತು; ಅದನ್ನು ಕಂಡು ನಾಡಿನಾದ್ಯಂತ ಸಾವಿರಾರು ಜನರು ನೇತ್ರದಾನಕ್ಕೆ ಹೆಸರು ಕೊಟ್ಟರು. ಸರಿಯಾದ ದಾರಿ ತೋರಿಸಿದರೆ ಅಭಿಮಾನವು ಏನು ಮಾಡಬಲ್ಲುದೆಂಬುದಕ್ಕೆ ಇವು ಸಾಕ್ಷಿ.

ಅದರ ಮತ್ತೊಂದು ಮುಖವನ್ನೂ ನಾವು ಕಂಡಿದ್ದೇವೆ. 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ, ನಟ ಯಶ್ ಅವರ ಹುಟ್ಟುಹಬ್ಬಕ್ಕೆ ಕಟೌಟು ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ತು ತಗುಲಿ ಸತ್ತರು. 2025ರ ಜೂನ್ 4ರಂದು, ಬೆಂಗಳೂರಿನ ತಂಡವು ಐಪಿಎಲ್ ಕಪ್ಪು ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಹನ್ನೊಂದು ಜನರು ಕಾಲ್ತುಳಿತಕ್ಕೆ ಬಲಿಯಾದರು. ಆಡಳಿತದ ಲೋಪ ಎಷ್ಟು, ಜನರ ಉನ್ಮಾದ ಎಷ್ಟು ಎಂಬ ತೂಕ ಬೇರೆ ವಿಚಾರ. ತಮ್ಮನ್ನು ಹೆಸರಿನಿಂದ ಅರಿಯದವರಿಗಾಗಿ, ತಮ್ಮನ್ನು ಹೆಸರಿನಿಂದ ಅರಿತವರನ್ನು ಶೋಕದಲ್ಲಿ ಮುಳುಗಿಸಿ ಹೋದ ಆ ಮಕ್ಕಳ ಮನೆಗಳನ್ನು ನೆನೆದಾಗ ಯಾವ ಸಹೃದಯನಿಗೂ ದುಃಖವಾಗದಿರದು.

ಸಿನಿಮಾ, ಕ್ರಿಕೆಟ್ಟುಗಳ ಅಭಿಮಾನಕ್ಕೂ ನೇರಪ್ರಸಾರದ ಅಭಿಮಾನಕ್ಕೂ ಒಂದು ಮುಖ್ಯವಾದ ಭೇದವುಂಟು. ಬೆಳ್ಳಿತೆರೆಯ ನಾಯಕನು ಎಂದೂ ಪ್ರೇಕ್ಷಕನ ಹೆಸರು ಹಿಡಿದು ಕರೆಯಲಿಲ್ಲ. ಅವನು ದೂರದ ದೇವರು. ನೇರಪ್ರಸಾರದವನು ಹತ್ತಿರದ ಗೆಳೆಯನಂತೆ ವರ್ತಿಸುತ್ತಾನೆ. ಯೂಟ್ಯೂಬ್ ಕಂಪನಿಯು 2017ರಲ್ಲಿ ಸೂಪರ್ ಚಾಟ್ ಎಂಬ ಏರ್ಪಾಟನ್ನು ತಂದಿತು. ಹಣ ಕೊಟ್ಟವನ ಮಾತು ಬಣ್ಣದ ಪಟ್ಟಿಯಲ್ಲಿ ಮೇಲೆ ನಿಲ್ಲುತ್ತದೆ. ಹಣ ಹೆಚ್ಚಾದಷ್ಟೂ ಅದು ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಹಣದಲ್ಲಿ ಸುಮಾರು ಶೇಕಡಾ 30 ಭಾಗವನ್ನು ಕಂಪನಿ ಇಟ್ಟುಕೊಂಡು ಉಳಿದುದನ್ನು ಪ್ರಸಾರ ಮಾಡುವವನಿಗೆ ಕೊಡುತ್ತದೆ. ಇದಲ್ಲದೆ ಯು.ಪಿ.ಐ. ಮೂಲಕ ನೇರವಾಗಿಯೂ ಹಣ ಕಳುಹಿಸುವುದುಂಟು. ಐವತ್ತು ರೂಪಾಯಿ ಕಳುಹಿಸಿದವನ ಹೆಸರನ್ನು ಅವನು ಗಟ್ಟಿಯಾಗಿ ಓದಿ, ಧನ್ಯವಾದ ಗುರು ಎಂದು ಹೇಳುತ್ತಾನೆ. ಸಾವಿರಾರು ಜನರ ಎದುರಿಗೆ ತನ್ನ ಹೆಸರು ಕೇಳಿಬಂದ ಹುಡುಗನ ಮನಸ್ಸು ಹಿಗ್ಗದೆ ಇದ್ದೀತೆ?

ಬಯಲಾಟದಲ್ಲಿಯೂ ಮೆಚ್ಚುಗೆಯ ಹಣ ಕೊಟ್ಟವರ ಹೆಸರನ್ನು ರಂಗದ ಮೇಲೆ ಕೂಗುತ್ತಿದ್ದರಲ್ಲವೆ ಎಂದು ಕೇಳಬಹುದು. ಅಹುದು. ಆದರೆ ಅಲ್ಲಿ ಕೊಟ್ಟವನು ಊರಿನವರ ಕಣ್ಣೆದುರಿಗೆ ಕೊಡುತ್ತಿದ್ದನು; ಅವನ ಶಕ್ತಿಗೆ ಮೀರಿದ್ದರೆ ಮನೆಯವರೋ ಪಕ್ಕದವರೋ ತಡೆಯುತ್ತಿದ್ದರು; ಆಟ ವರ್ಷಕ್ಕೊಮ್ಮೆ ಮುಗಿದುಹೋಗುತ್ತಿತ್ತು. ಇಲ್ಲಿ ಕೊಡುವವನು ಮುಚ್ಚಿದ ಕೋಣೆಯಲ್ಲಿರುವನು. ಆಟ ಪ್ರತಿದಿನವೂ ನಡೆಯುವುದು. ತಡೆಯುವವರು ಯಾರೂ ಇಲ್ಲ. ಸಿನಿಮಾದ ಟಿಕೇಟಿಗೆ ಒಂದು ಬೆಲೆಯಿತ್ತು, ಅದನ್ನು ತೆತ್ತರೆ ಋಣ ತೀರಿತು. ಗೆಳೆತನದ ಹೆಸರಿನಲ್ಲಿ ಕೇಳುವ ಹಣಕ್ಕೆ ಮಿತಿಯೇ ಇಲ್ಲ.

ಈ ಏರ್ಪಾಟು ಪ್ರಸಾರ ಮಾಡುವವನನ್ನೂ ಕೆಡಿಸುತ್ತದೆ. ಕುರುಕ್ಷೇತ್ರದ ಸಂಜಯನನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಅವನು ದೂರದ ಕಾಳಗವನ್ನು ಕಂಡು ಅಂಧನಾದ ಅರಸನಿಗೆ ಬಣ್ಣಿಸಿದವನು. ಅರಸನ ಅನ್ನ ಉಂಡವನಾದರೂ, ಅರಸನ ಮಕ್ಕಳು ಸತ್ತ ಸುದ್ದಿಯನ್ನು ಅರಸನಿಗೇ ಹೇಳಿದನು. ತಪ್ಪು ನಿನ್ನದೆಂದೂ ಹೇಳಲು ಅಂಜಲಿಲ್ಲ. ಇಂದಿನ ಸಂಜಯನಿಗೆ ಆ ಸ್ವಾತಂತ್ರ್ಯವಿಲ್ಲ. ಅಭಿಮಾನಿಗಳಿಗೆ ಹಿತವಲ್ಲದ ಮಾತನ್ನಾಡಿದರೆ ಆದಾಯ ಹೋಗುವುದು. ಅವನ ಅಭಿಮಾನಿಗಳು ಮತ್ತೊಬ್ಬ ಆಟಗಾರನ ಮೇಲೆ ಗುಂಪುಗಟ್ಟಿ ಬೈದಾಗ ತಡೆಯಬೇಕಾದವನು ಅವನೇ. ತಡೆದರೆ ನಷ್ಟವೂ ಅವನದೇ. ಹೆಣ್ಣುಮಕ್ಕಳು ಆಟದಲ್ಲಿ ತಮ್ಮ ದನಿ ಕೇಳಿಸದಂತೆ ಮೈಕು ಮುಚ್ಚಿಕೊಂಡು ಆಡುವ ಪರಿಸ್ಥಿತಿ ಇರುವುದು ಈ ಮೌನದ ಫಲ ಎಂದರೆ ತಪ್ಪಾಗಲಾರದು.

ಅವನ ಬಾಳೂ ಸುಖದ್ದಲ್ಲ. 2018ರಲ್ಲಿ ಅಮೆರಿಕದ ನಿಂಜಾ ಎಂಬ ಹೆಸರಿನ ಆಟಗಾರನು ಟ್ವಿಚ್ ವೇದಿಕೆಯಲ್ಲಿ ಅಗ್ರಗಣ್ಯನಾಗಿದ್ದನು. ಎರಡು ದಿನಗಳ ಕಾಲ ಪ್ರಸಾರ ನಿಲ್ಲಿಸಿದ್ದಕ್ಕೆ ಸುಮಾರು ನಲವತ್ತು ಸಾವಿರ ಚಂದಾದಾರರನ್ನು ಕಳೆದುಕೊಂಡೆನೆಂದು ಅವನೇ ಹೇಳಿದನು. ಅಗ್ರಗಣ್ಯನ ಸ್ಥಿತಿಯೇ ಹೀಗಾದರೆ, ನೂರಿನ್ನೂರು ಜನರು ನೋಡುವ ನಮ್ಮ ಹುಡುಗನು ಜ್ವರ ಬಂದರೂ ಮಲಗುವುದು ಹೇಗೆ? ಕಾರ್ಖಾನೆಯ ಕೂಲಿಗೆ ವಾರದ ರಜೆ ಉಂಟು. ಗೆಳೆಯನ ವೇಷ ಹಾಕಿದ ಕೂಲಿಗೆ ಅದೂ ಇಲ್ಲ. ಓದು ಬಿಟ್ಟು ಇದನ್ನೇ ವೃತ್ತಿಯಾಗಿ ಹಿಡಿಯುವೆನೆಂದು ಹೊರಡುವ ಹುಡುಗರು ಗೆದ್ದವರ ಮುಖವನ್ನು ಮಾತ್ರ ಕಂಡಿರುತ್ತಾರೆ. ಯಾರೂ ನೋಡದ ಪ್ರಸಾರಗಳು ಯಾರ ಕಣ್ಣಿಗೂ ಬೀಳುವುದಿಲ್ಲವಷ್ಟೆ.

ಎಲ್ಲಕ್ಕಿಂತ ಕೆಟ್ಟ ಪರಿಣಾಮವು ಜೂಜಿನ ವಿಷಯದಲ್ಲಿ ಕಂಡುಬಂದಿತು. ಪತ್ರಿಕೆಯ ಜಾಹೀರಾತನ್ನು ಓದುವವನು ಅದು ಜಾಹೀರಾತೆಂದು ತಿಳಿದೇ ಓದುತ್ತಾನೆ. ಗೆಳೆಯನೆಂದು ನಂಬಿದವನು ಆಟದ ನಡುವೆ ಒಂದು ಬೆಟ್ಟಿಂಗ್ ಆಪಿನ ಹೆಸರು ಹೇಳಿದರೆ ಅದನ್ನು ಸಲಹೆಯೆಂದು ಸ್ವೀಕರಿಸುತ್ತಾನೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿ, ಆ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣ ಪಣವೊಡ್ಡುವ ಆಟಗಳನ್ನು ನಿಷೇಧಿಸಿ, ಅವುಗಳ ಜಾಹೀರಾತು ಮಾಡುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸವನ್ನೂ ಐವತ್ತು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದೆಂದು ಹೇಳಿತು. ಅದೇ ಕಾಯಿದೆಯು ಇ-ಸ್ಪೋರ್ಟ್ಸನ್ನು ಮಾನ್ಯಮಾಡಿ ಪ್ರೋತ್ಸಾಹಿಸಬೇಕೆಂದೂ ಹೇಳುತ್ತದೆ. ಜೂಜಿಗೂ ಆಟಕ್ಕೂ ಭೇದ ಮಾಡಿದುದು ಸರಿಯಾದ ಕ್ರಮ. ಆದರೆ ಅಭಿಮಾನದ ಹೆಸರಿನಲ್ಲಿ ಮಕ್ಕಳ ಕೈಯಿಂದ ಹೋಗುವ ಹಣವು ಪಣವಲ್ಲ, ಕಾಣಿಕೆ. ಅದು ಆ ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ.

ಇಲ್ಲಿ ಒಂದು ವೈಪರೀತ್ಯವನ್ನು ಗಮನಿಸಬೇಕು. ಪಬ್ಜಿಯನ್ನು ಕೇಂದ್ರ ಸರ್ಕಾರವು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿತು. 2021ರ ಜುಲೈನಲ್ಲಿ ಅದು ಬಿಜಿಎಂಐ ಎಂಬ ಹೊಸ ಹೆಸರಿನಿಂದ ಬಂದಿತು. 2022ರ ಜುಲೈನಲ್ಲಿ ಅದನ್ನೂ ತೆಗೆದುಹಾಕಲಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಂದಾಗ, ಹದಿನೆಂಟು ತುಂಬದವರು ದಿನಕ್ಕೆ ಮೂರು ಗಂಟೆ ಮಾತ್ರ ಆಡಬೇಕೆಂಬ ಮಿತಿ ಇತ್ತು. ಆಡುವುದಕ್ಕೆ ಮೂರು ಗಂಟೆಯ ಮಿತಿ. ಅದೇ ಆಟವನ್ನು ಮತ್ತೊಬ್ಬನು ಆಡುವುದನ್ನು ನೋಡುವುದಕ್ಕೆ ಮಿತಿಯಿಲ್ಲ, ನೋಡುತ್ತ ಕಾಣಿಕೆ ಕೊಡುವುದಕ್ಕೂ ಇಲ್ಲ! ಬೆರಳಿಗೆ ಕಟ್ಟುಪಾಡು ಹಾಕಿ ಕಣ್ಣನ್ನೂ ಕಿಸೆಯನ್ನೂ ತೆರೆದಿಟ್ಟಂತೆ ಆಯಿತು.

ಹಾಗೆಂದು ಪ್ರಸಾರವನ್ನೇ ನಿಷೇಧಿಸಬೇಕೆಂದು ಹೇಳುವವರ ಪಕ್ಷವನ್ನು ನಾವು ವಹಿಸಲಾರೆವು. ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವವರುಂಟೆ? ಮೇಲೆ ಹೇಳಿದ ಹೋಗುವಿಕೆ ಬರುವಿಕೆಗಳೇ ನಿಷೇಧದ ಶಕ್ತಿ ಎಷ್ಟೆಂಬುದನ್ನು ತೋರಿಸುತ್ತವೆ. ನಮ್ಮ ರಾಜ್ಯ ಸರ್ಕಾರವು 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯು ಕೌಶಲದ ಆಟವನ್ನೂ ಜೂಜನ್ನೂ ಒಂದೇ ಗಂಟಿನಲ್ಲಿ ಕಟ್ಟಲು ಹೋದುದರಿಂದ, 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ವಿಧಿಗಳನ್ನು ರದ್ದುಪಡಿಸಿತು. ಒರಟಾದ ಕೈಯಿಂದ ಸೂಕ್ಷ್ಮವಾದ ಗಂಟು ಬಿಚ್ಚುವುದಿಲ್ಲ. ಬೇಕಾದುದು ಇನ್ನೂ ಸಣ್ಣ, ಇನ್ನೂ ನಿಷ್ಕೃಷ್ಟವಾದ ಕ್ರಮಗಳು.

ಮೊದಲನೆಯದಾಗಿ, ಹದಿನೆಂಟು ತುಂಬದವರಿಂದ ಕಾಣಿಕೆಯ ಹಣ ಪಡೆಯುವುದು ನಿಲ್ಲತಕ್ಕದ್ದು. ಚೀನಾ ಸರ್ಕಾರವು 2022ರ ಮೇ ತಿಂಗಳಿನಲ್ಲಿಯೇ ಇಂಥ ಆಜ್ಞೆ ಹೊರಡಿಸಿತು. ಆ ದೇಶದ ಆಡಳಿತಪದ್ಧತಿ ನಮಗೆ ಆದರ್ಶವಲ್ಲ. ಮಕ್ಕಳು ಎಷ್ಟು ಗಂಟೆ ಆಡಬೇಕೆಂದು ಸರ್ಕಾರವೇ ಗಡಿಯಾರ ಹಿಡಿದು ನಿಲ್ಲುವುದೂ ನಮಗೆ ಒಪ್ಪಿಗೆಯಲ್ಲ. ಆದರೂ ಅಪ್ರಾಪ್ತವಯಸ್ಕನೊಡನೆ ಮಾಡಿದ ಕರಾರು ನಮ್ಮ ಕಾನೂನಿನಲ್ಲಿ ಎಂದಿನಿಂದಲೂ ಊರ್ಜಿತವಲ್ಲ. ಅಂಗಡಿಗೆ ಸಲ್ಲುವ ನ್ಯಾಯವು ಪರದೆಗೂ ಸಲ್ಲಬೇಡವೆ? ತಂದೆತಾಯಿಗಳು ದೂರು ಕೊಟ್ಟರೆ ಹಣವನ್ನು ಹಿಂದಿರುಗಿಸುವ ಸರಳವಾದ ಮಾರ್ಗವನ್ನು ವೇದಿಕೆಗಳು ಏರ್ಪಡಿಸಬೇಕು. ವೇದಿಕೆ ಸ್ವದೇಶಿಯಾದರೂ ಸರಿ, ವಿದೇಶಿಯಾದರೂ ಸರಿ, ಈ ವಿಷಯದಲ್ಲಿ ಭೇದವಿರಕೂಡದು.

ಎರಡನೆಯದಾಗಿ, ಹಣ ಪಡೆದು ಹೊಗಳಿದ್ದನ್ನು ಹಣ ಪಡೆದೆನೆಂದು ಹೇಳಿಯೇ ಹೊಗಳಬೇಕು. ಗ್ರಾಹಕ ರಕ್ಷಣಾ ಪ್ರಾಧಿಕಾರದ ಆಶ್ರಯದಲ್ಲಿ ಕೇಂದ್ರ ಸರ್ಕಾರವು 2023ರ ಜನವರಿಯಲ್ಲಿ ಈ ಅರ್ಥದ ಸೂಚನೆಗಳನ್ನು ಪ್ರಕಟಿಸಿತು. ನೇರಪ್ರಸಾರದಲ್ಲಾದರೆ ಆ ಪ್ರಕಟಣೆಯು ಉದ್ದಕ್ಕೂ ಎದ್ದು ಕಾಣುವಂತಿರಬೇಕೆಂದೂ ಅದರಲ್ಲಿ ಹೇಳಿದೆ. ಸೂಚನೆ ಕಾಗದದ ಮೇಲಿದ್ದರೆ ಸಾಲದು. ಕನ್ನಡದ ಪ್ರಸಾರದಲ್ಲಿ ಅದು ಕನ್ನಡದಲ್ಲಿಯೇ, ಹುಡುಗನಿಗೆ ಅರ್ಥವಾಗುವ ಮಾತಿನಲ್ಲಿ ಇರಬೇಕು.

ಮೂರನೆಯ ಕರ್ತವ್ಯವು ಪ್ರಸಾರ ಮಾಡುವ ಯುವಕರದೇ. ಅವರಲ್ಲಿ ಸಜ್ಜನರು ಬಹಳ ಮಂದಿ ಇರುವರೆಂದು ನಾವು ಬಲ್ಲೆವು. ನಿಮ್ಮ ಶಾಲೆಯ ಶುಲ್ಕವನ್ನು ನನಗೆ ಕಳುಹಿಸಬೇಡಿರಿ ಎಂದು ವಾರಕ್ಕೊಮ್ಮೆ ಹೇಳಲು ಯಾವ ಕಾಯಿದೆಯೂ ಬೇಕಿಲ್ಲ. ನನ್ನ ಹೆಸರಿನಲ್ಲಿ ಯಾರನ್ನೂ ಬೈಯಬೇಡಿರಿ ಎಂದು ಹೇಳಲು ಧೈರ್ಯವೊಂದೇ ಸಾಕು. ಕಲಾವಿದನಿಗೆ ಸಂಭಾವನೆ ಸಲ್ಲಬೇಕು, ಅದರಲ್ಲಿ ಆಕ್ಷೇಪವಿಲ್ಲ. ಆಟವನ್ನು ಕಲಿಸಿ, ನಗಿಸಿ, ಅದಕ್ಕೆ ಕೂಲಿ ಪಡೆಯುವುದು ಮರ್ಯಾದೆಯ ವೃತ್ತಿ. ಸ್ನೇಹವನ್ನು ತೂಕಕ್ಕಿಟ್ಟು ಮಾರುವುದು ಮಾತ್ರ ಮರ್ಯಾದೆಯಲ್ಲ.

ಕಡೆಯದಾಗಿ, ನಾಗರಿಕರಾದ ನಾವು ಮಾಡತಕ್ಕದ್ದೂ ಉಂಟು. ಇದನ್ನು ಅಧಿಕಾರಿಗಳ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇವೆ. ಹುಡುಗನು ಪರದೆಯ ಗೆಳೆಯನನ್ನು ಹುಡುಕಿಕೊಂಡು ಹೋದುದು, ಬೀದಿಯಲ್ಲಿ ಗೆಳೆಯರು ಸೇರುವ ಸ್ಥಳವನ್ನು ನಾವು ಉಳಿಸದೆ ಹೋದುದರಿಂದ. ಶೆಟ್ಟಿಹಳ್ಳಿಯಂಥ ಬಡಾವಣೆಗಳಲ್ಲಿ ಮನೆಗಳ ಮೇಲೆ ಮನೆಗಳೆದ್ದಿವೆ. ಸಂಜೆ ಆರರ ಮೇಲೆ ಕೂಡಿ ಕುಳಿತು ಆಡಲು ನೆರಳೆಲ್ಲಿದೆ, ಬೆಳಕೆಲ್ಲಿದೆ? ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯದ ಕರವನ್ನೂ ನಾವು ವರ್ಷವರ್ಷವೂ ತೆರುತ್ತಿದ್ದೇವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಬಂದ ಕರವದು. ಆ ಹಣದಿಂದ ನಡೆಯುವ ಗ್ರಂಥಾಲಯಗಳಲ್ಲಿ ಒಂದು ಕೋಣೆಯನ್ನು ಸಂಜೆಯ ಹೊತ್ತು ಆಟಕ್ಕೆ ಬಿಟ್ಟುಕೊಡಬಾರದೇಕೆ? ನಾಲ್ಕು ಚದುರಂಗದ ಮಣೆಗಳು, ಒಂದೆರಡು ಕೇರಂ ಹಲಗೆಗಳು, ಮೊಬೈಲಿನ ಆಟಗಳಿಗೇ ಎದುರುಬದುರು ಕುಳಿತು ನಡೆಸುವ ತಿಂಗಳಿಗೊಂದು ಪಂದ್ಯ. ಸರ್ಕಾರಿ ಶಾಲೆಯ ಅಂಗಳಕ್ಕೆ ಎರಡು ದೀಪ ಹಾಕಿ ರಾತ್ರಿ ಎಂಟರವರೆಗೆ ಬಾಗಿಲು ತೆರೆಯಬಾರದೇಕೆ? ಗೇಮಿಂಗ್ ಉದ್ಯಮಕ್ಕಾಗಿ 2024ರಲ್ಲಿ ಹೊಸ ನೀತಿಯನ್ನೇ ಪ್ರಕಟಿಸಿದ ನಮ್ಮ ಸರ್ಕಾರಕ್ಕೆ, ಆಡುವ ಮಕ್ಕಳಿಗಾಗಿ ಇಷ್ಟು ಮಾಡುವುದು ಭಾರವಾಗಲಾರದು.

ತಂದೆತಾಯಿಗಳಿಗೆ ಒಂದು ಮಾತು. ಮೊಬೈಲನ್ನು ಕಸಿದುಕೊಳ್ಳುವ ಮುನ್ನ ಮಗನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಅವನು ನೋಡುವುದನ್ನು ನೋಡಿರಿ. ಯಾರು ಇವನು, ಏನು ಹೇಳುತ್ತಾನೆ, ನಿನಗೇಕೆ ಮೆಚ್ಚುಗೆಯೆಂದು ಕೇಳಿರಿ. ಕ್ರಿಕೆಟ್ಟನ್ನು ಜೊತೆಯಲ್ಲಿ ನೋಡುವ ಮನೆಯು ಇದನ್ನೂ ಜೊತೆಯಲ್ಲಿ ನೋಡಬಹುದು. ಒಟ್ಟಿಗೆ ನೋಡಿದ ಆಟದಲ್ಲಿ ಮೋಸ ಮಾಡುವುದು ಕಷ್ಟ.

ಯುವಕರ ಇಬ್ಬಗೆಯ ಮನಸ್ಸು ಅವಿವೇಕದ್ದಲ್ಲ, ವಿವೇಕದ್ದು. ಆಟವನ್ನು ಪ್ರೀತಿಸುವವನಿಗೇ ಅದು ಕೆಡುತ್ತಿರುವುದು ಮೊದಲು ತಿಳಿಯುವುದು. ಅವರಿಗೆ ನಾವು ಹೇಳುವುದಿಷ್ಟೆ: ಚೆನ್ನಾಗಿ ಆಡುವವನನ್ನು ಮೆಚ್ಚಿರಿ, ಅವನಿಂದ ಕಲಿಯಿರಿ, ದುಡಿಯುವ ವಯಸ್ಸಿನವರಾದರೆ ಕೈಲಾದುದನ್ನು ಕೊಡಿರಿ. ಆದರೆ ನಾಲ್ಕು ದಿನ ನೀವು ಕಾಣಿಸದಿದ್ದರೆ ಏಕೆ ಬರಲಿಲ್ಲವೆಂದು ಮನೆಯವರೆಗೆ ಬಂದು ಕೇಳುವವರು ಯಾರೋ, ಸ್ನೇಹಿತರೆಂಬ ಹೆಸರನ್ನು ಅವರಿಗಾಗಿ ಉಳಿಸಿರಿ. ನಿಮ್ಮ ಸಂಜೆಗಳಲ್ಲಿ ಮೊದಲ ಪಾಲು ಅವರಿಗೆ ಸಲ್ಲಲಿ.